ಮಣಿ ಪೋಣಿಸುವ ಮುದುಕ

'ಟ್ರೆಮೇ' ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯನ್ನು ನಾನು ನೋಡಿದ್ದು ಬಹಳ ತಡವಾಗಿ, ಮಗಳ ಮನೆಯಲ್ಲಿ, ಇಂಗ್ಲಿಷ್ ಅಡಿಬರಹದ ನೆರವಿನಿಂದ. ಎಚ್.ಬಿ.ಒ. ವಾಹಿನಿಯಲ್ಲಿ 2010ರಿಂದ 2013ರವರೆಗೆ 36 ಕಂತುಗಳಾಗಿ ಬಂದು ಮುಗಿದದ್ದು ಅದು. ಇಷ್ಟು ಹಳೆಯದರ ಬಗ್ಗೆ ಈಗೇಕೆ ಎಂದು ಕೇಳುವವರಿದ್ದಾರೆ. ಮಲೆಯಾಳದ '2018' ಚಿತ್ರವನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. 2023ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ನೀರು ಏರುತ್ತದೆ, ಮೀನುಗಾರರ ದೋಣಿಗಳು ಬರುತ್ತವೆ, ನೀರಿನ ಕತೆ ಮುಗಿದಂತೆ ಚಿತ್ರವೂ ಮುಗಿಯುತ್ತದೆ. 'ಟ್ರೆಮೇ' ಆರಂಭವಾಗುವುದು ಚಂಡಮಾರುತ ಬಂದು ಹೋದ ಮೂರು ತಿಂಗಳ ಮೇಲೆ. ಈ ವ್ಯತ್ಯಾಸವೇ ನನ್ನನ್ನು ಬರೆಯಲು ಕೂರಿಸಿತು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ್ದು ಗಾಳಿಗಿಂತ ಹೆಚ್ಚಾಗಿ ಒಡೆದುಹೋದ ಒಡ್ಡುಗಳು. ಊರಿನ ಶೇಕಡಾ 80ರಷ್ಟು ಭಾಗ ನೀರಿನಡಿಯಾಯಿತು. ಮೊದಲ ಕಂತಿನಲ್ಲೇ ಕ್ರೇಟನ್ ಎಂಬ ಇಂಗ್ಲಿಷ್ ಅಧ್ಯಾಪಕ ಇದನ್ನು ಪ್ರಕೃತಿ ವಿಕೋಪವೆನ್ನಬೇಡಿ, ಮನುಷ್ಯನ ಕೈಯ ಕೆಲಸ ಎಂದು ಸಂದರ್ಶಕನ ಮೈಕನ್ನೇ ಕಾಲುವೆಗೆ ಎಸೆಯುತ್ತಾನೆ. ಡೇವಿಡ್ ಸೈಮನ್ ಮತ್ತು ಎರಿಕ್ ಓವರ್‌ಮೈಯರ್ ಸೇರಿ ಕಟ್ಟಿದ ಈ ಕತೆಗೆ ನಾಯಕನೆಂದು ಒಬ್ಬನಿಲ್ಲ. ಟ್ರೊಂಬೋನ್ ಊದುವವನು, ಮದ್ಯದಂಗಡಿಯ ಒಡತಿ, ಅಡುಗೆಯವಳು, ವಕೀಲೆ ಹೀಗೆ ಹತ್ತಾರು ಜನ. ಟ್ರೆಮೇ ಅವರೆಲ್ಲ ಓಡಾಡುವ ಊರಿನ ಒಂದು ಹಳೆಯ ಕೇರಿಯ ಹೆಸರು, ಕರಿಯರ ಸಂಗೀತ ಹುಟ್ಟಿ ಬೆಳೆದ ಜಾಗ.

ನನ್ನನ್ನು ಹಿಡಿದು ಕೂರಿಸಿದವನು ಆಲ್ಬರ್ಟ್ ಲಾಂಬ್ರೊ. ಕ್ಲಾರ್ಕ್ ಪೀಟರ್ಸ್ ಈ ಪಾತ್ರ ಮಾಡಿದ್ದಾರೆ. ಹ್ಯೂಸ್ಟನ್ನಿನಿಂದ ಮರಳಿ ಬಂದರೆ ಮನೆ ಕೆಸರಿನ ಗುಂಡಿ. ಮಕ್ಕಳು ಬೇಡವೆಂದರೂ ಕೇಳದೆ, ಒಂದು ಹಾಳುಬಿದ್ದ ಮದ್ಯದಂಗಡಿಯನ್ನು ಗುಡಿಸಿ ಅಲ್ಲೇ ಬಿಡಾರ ಹೂಡುತ್ತಾನೆ. ಸೂಜಿ ದಾರ ಹಿಡಿದು ಮಣಿ ಪೋಣಿಸಲು ಕೂರುತ್ತಾನೆ. ಅವನು 'ಮಾರ್ಡಿ ಗ್ರಾ ಇಂಡಿಯನ್' ಮೇಳವೊಂದರ ಮುಖ್ಯಸ್ಥ. ಓಡಿಹೋದ ಗುಲಾಮರಿಗೆ ಆಶ್ರಯ ಕೊಟ್ಟ ಮೂಲನಿವಾಸಿಗಳ ನೆನಪಿಗೆ ಕರಿಯರು ಕಟ್ಟುವ ವೇಷ ಅದು. ಗರಿ, ಮಣಿಗಳ ಒಂದು ವೇಷಕ್ಕೆ ವರ್ಷವಿಡೀ ಕೈಹೊಲಿಗೆ. ಒಂದು ರಾತ್ರಿ ದೀಪವಿಲ್ಲದ ಬೀದಿಯಲ್ಲಿ ಪೂರ್ಣ ವೇಷದಲ್ಲಿ ಅವನು ಬಂದು ನಿಲ್ಲುತ್ತಾನೆ. ತೆಯ್ಯಂ ನೋಡಿ ಬೆಳೆದ ಕಣ್ಣು ನನ್ನದು, ಆದರೂ ಮೈ ಜುಮ್ಮೆಂದಿತು. ಅಲ್ಲಿ ದೈವವಿಲ್ಲ, ಹರಕೆಯಿಲ್ಲ. ನಾನಿನ್ನೂ ಇಲ್ಲಿದ್ದೇನೆ ಎಂಬ ಹಟ ಮಾತ್ರ ಇದೆ.

ಆಮೇಲೊಂದು ದೃಶ್ಯ. ಸತ್ತುಹೋದ ತಮ್ಮ ಮೇಳದವನೊಬ್ಬನಿಗಾಗಿ ಅವರೆಲ್ಲ ಹಾಡುತ್ತ ನಿಂತಿರುವಾಗ ಪ್ರವಾಸಿಗರ ಬಸ್ಸೊಂದು ಬಂದು ನಿಲ್ಲುತ್ತದೆ. ಹಾಳುಬಿದ್ದ ಊರನ್ನು ತೋರಿಸುವ ಬಸ್ಸು. ಕಿಟಕಿಗಳಿಂದ ಕ್ಯಾಮರಾಗಳು. ಆಲ್ಬರ್ಟ್ ಹೊರಟುಹೋಗಿ ಎನ್ನುತ್ತಾನೆ, ಚಾಲಕ ಕ್ಷಮೆ ಕೇಳಿ ಹೊರಡುತ್ತಾನೆ. ಇಡೀ ಧಾರಾವಾಹಿಯ ಪ್ರಶ್ನೆ ಆ ಬಸ್ಸಿನಲ್ಲಿದೆ. ಸಂಸ್ಕೃತಿಯನ್ನು ಎಲ್ಲರೂ ಮೆಚ್ಚುತ್ತಾರೆ, ಅದನ್ನು ಮಾಡುವವನಿಗೆ ಮನೆ ಕೊಡುವವರು ಯಾರು? ಊರಿನ ನಾಲ್ಕು ದೊಡ್ಡ ಸರಕಾರಿ ವಸತಿಗಳ ಸುಮಾರು 4,500 ಮನೆಗಳನ್ನು ಕೆಡವಲು 2007ರ ಡಿಸೆಂಬರಿನಲ್ಲಿ ನಗರಸಭೆ ಒಪ್ಪಿಗೆಯಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಟ್ರೆಮೇಯ ಬೀದಿಯಲ್ಲೇ, ಸತ್ತ ಸಂಗಾತಿಗಾಗಿ ವಾದ್ಯ ನುಡಿಸುತ್ತಿದ್ದವರನ್ನು ಪೊಲೀಸರು ಬಂಧಿಸಿದ್ದರು. ಧಾರಾವಾಹಿ ಅದನ್ನೂ ಬಿಟ್ಟಿಲ್ಲ. ಕಾಸರಗೋಡಿಗೆ ಬಂದು, ಹಾರ ಹಾಕಿಸಿಕೊಂಡು, ಕನ್ನಡ ಉಳಿಸಿ ಯಕ್ಷಗಾನ ಉಳಿಸಿ ಎಂದು ಹೇಳಿ ಸಂಜೆಯ ರೈಲಿಗೆ ಹೊರಡುವ ಅತಿಥಿಗಳ ನೆನಪು ನನಗಾಯಿತು. ಅವರ ಮೇಲೆ ಸಿಟ್ಟಿಲ್ಲ. ಆದರೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗನಿಗೆ ಊರಲ್ಲೇ ಅನ್ನ ಹುಟ್ಟುವ ದಾರಿ ಯಾವುದೆಂದು ಅವರಲ್ಲಿ ಯಾರೂ ಕೇಳಿದ್ದು ನಾನು ಕಂಡಿಲ್ಲ.

ದೋಷಗಳಿಲ್ಲವೆಂದಲ್ಲ. ನಿಜವಾದ ಸಂಗೀತಗಾರರು ತಾವಾಗಿಯೇ ಬಂದು ನುಡಿಸುತ್ತಾರೆ, ಸಂತೋಷ. ಆದರೆ ಕೆಲವು ಕಂತುಗಳಲ್ಲಿ ಕತೆ ಬದಿಗೆ ನಿಂತು ಕಛೇರಿ ಮುಗಿಯಲೆಂದು ಕಾಯುತ್ತದೆ. ಡೇವಿಸ್ ಎಂಬ ರೇಡಿಯೋ ಹುಡುಗನ ಮೇಲೆ ಬರೆದವರಿಗೆ ಅಷ್ಟೇಕೆ ಮೋಹವೋ ತಿಳಿಯದು. ನಮ್ಮೂರಿನಂಥ ಊರಿಲ್ಲ ಎಂಬ ಮಾತನ್ನು ಎಷ್ಟು ಸಲ ಕೇಳುವುದು! ಇದಕ್ಕಿಂತ ದೊಡ್ಡ ಕೊರತೆ ಬೇರೊಂದು. 2000ದ ಜನಗಣತಿಯಲ್ಲಿ 4,84,674 ಇದ್ದ ಜನಸಂಖ್ಯೆ 2010ರಲ್ಲಿ 3,43,829ಕ್ಕೆ ಇಳಿದಿತ್ತು. ಮರಳಿ ಬಂದವರ ಕತೆಯನ್ನು ಇಷ್ಟು ಪ್ರೀತಿಯಿಂದ ಹೇಳುವ ಧಾರಾವಾಹಿ, ಬಾರದೇ ಉಳಿದ ಬಡವರ ಹಿಂದೆ ಹೆಚ್ಚು ದೂರ ಹೋಗುವುದಿಲ್ಲ. ಹ್ಯೂಸ್ಟನ್ನಿನ ಯಾವುದೋ ಬಾಡಿಗೆ ಕೋಣೆಯಲ್ಲಿ ಉಳಿದ ಮುದುಕಿಗೆ ಅವಳ ಬೀದಿಯ ಮೆರವಣಿಗೆ ಏನಾಯಿತು? ನನಗೆ ಅದನ್ನು ನೋಡಬೇಕಿತ್ತು.

ಊರಿನ ಪರವಾಗಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಬಲ್ಲ ಕ್ರೇಟನ್ ಮೊದಲ ಭಾಗ ಮುಗಿಯುವ ಮೊದಲೇ ನದಿಗೆ ಹಾರಿ ಸಾಯುತ್ತಾನೆ. ಬರೆಯುವ ನಮ್ಮಂಥವರು ಅದನ್ನು ಸ್ವಲ್ಪ ತಡೆದು ನೋಡಬೇಕು.

ಕೊನೆಗೂ ನನ್ನಲ್ಲಿ ಉಳಿದದ್ದು ಲಾಡೊನಾ, ಮದ್ಯದಂಗಡಿಯ ಒಡತಿ. ಖ್ಯಾಂಡಿ ಅಲೆಕ್ಸಾಂಡರ್ ಅವರ ಅಭಿನಯ. ನೀರು ನುಗ್ಗಿದ ದಿನಗಳಲ್ಲಿ ಪೊಲೀಸರ ವಶದಲ್ಲಿ ಕಳೆದುಹೋದ ತಮ್ಮನನ್ನು ಅವಳು ತಿಂಗಳುಗಟ್ಟಲೆ ಹುಡುಕುತ್ತಾಳೆ. ಕೊನೆಗೆ ಹೆಣಗಳನ್ನಿರಿಸಿದ ಶೀತಲ ಲಾರಿಯಲ್ಲಿ ಅವನು ಸಿಗುತ್ತಾನೆ. ಹಬ್ಬ ಹತ್ತಿರ ಬಂದಿದೆ. ಅಮ್ಮ ಹಬ್ಬವನ್ನು ಕಳೆಯಲಿ ಎಂದು ಸಾವಿನ ಸುದ್ದಿಯನ್ನು ಅವಳು ಬಾಯಿಗೆ ತಾರದೆ ನುಂಗಿಕೊಂಡು, ನಗುತ್ತ ಓಡಾಡುತ್ತಾಳೆ. ಇಂಗ್ಲಿಷಿನ ಒಂದಕ್ಷರವೂ ಬಾರದ ನನ್ನ ಅತ್ತೆ ಮಗ್ಗುಲಲ್ಲೇ ಕೂತು ನೋಡುತ್ತಿದ್ದರು. ನಾನು ಏನೂ ಅರ್ಥ ಹೇಳಿರಲಿಲ್ಲ. "ಪಾಪ, ತಾಯಿಗೆ ಇನ್ನು ಯಾವಾಗ ಹೇಳುತ್ತಾಳೋ?" ಎಂದರು.