ರೋಜೆಯ ಪದಭಂಡಾರವೂ ‘ನೈಸ್’ ಎಂಬ ಮಾತೂ

ಇಂಗ್ಲಿಷ್ ಬರೆಯುವವರ ಮೇಜಿನ ಮೇಲೆ ನಿಘಂಟಿನ ಪಕ್ಕದಲ್ಲಿ ಶತಮಾನಕ್ಕೂ ಮೀರಿ ಸ್ಥಾನ ಪಡೆದಿರುವ ‘ಥೆಸಾರಸ್’ ಎಂಬ ಗ್ರಂಥವನ್ನು ರಚಿಸಿದ ಪೀಟರ್ ಮಾರ್ಕ್ ರೋಜೆಯು ವೃತ್ತಿಯಿಂದ ವೈದ್ಯನು. ಲಂಡನ್ನಿನ ರಾಯಲ್ ಸೊಸೈಟಿಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾರ್ಯದರ್ಶಿಯಾಗಿದ್ದವನು. 1805ರಲ್ಲಿ ತನ್ನ ಸ್ವಂತದ ಉಪಯೋಗಕ್ಕೆಂದು ಸಿದ್ಧಪಡಿಸಿಟ್ಟುಕೊಂಡಿದ್ದ ಪದಗಳ ಪಟ್ಟಿಯನ್ನು ಆತನು ನಿವೃತ್ತಿಯ ತರುವಾಯ ಮತ್ತೆ ಕೈಗೆತ್ತಿಕೊಂಡು, ವಿಸ್ತರಿಸಿ, ತಿದ್ದಿ, ತನ್ನ 73ನೆಯ ವಯಸ್ಸಿನಲ್ಲಿ, ಎಂದರೆ 1852ರಲ್ಲಿ, ಪ್ರಕಟಿಸಿದನು. ಪ್ರಾಣಿಗಳನ್ನೂ ಸಸ್ಯಗಳನ್ನೂ ವರ್ಗ ಕುಲ ಜಾತಿಗಳಾಗಿ ವಿಂಗಡಿಸುವ ಶಾಸ್ತ್ರದಲ್ಲಿ ಪಳಗಿದ್ದ ಬುದ್ಧಿಯು ಮಾತುಗಳ ಅರಣ್ಯವನ್ನು ಹೊಕ್ಕಾಗ ಏನನ್ನು ಮಾಡಬಹುದೋ ಅದನ್ನೇ ಇಲ್ಲಿ ಮಾಡಿದೆ. ಅಮೂರ್ತ ಸಂಬಂಧ, ದೇಶ, ದ್ರವ್ಯ, ಬುದ್ಧಿ, ಸಂಕಲ್ಪ, ಭಾವ ಎಂಬ ಆರು ವರ್ಗಗಳಲ್ಲಿ ಒಂದು ಸಾವಿರ ಶೀರ್ಷಿಕೆಗಳು, ‘ಅಸ್ತಿತ್ವ’ದಿಂದ ಪ್ರಾರಂಭ, ‘ದೇವಾಲಯ’ದಲ್ಲಿ ಸಮಾಪ್ತಿ, ವಿರುದ್ಧಾರ್ಥದ ಪದಸಮೂಹಗಳಿಗೆ ಪರಸ್ಪರ ಎದುರೆದುರು ಅಂಕಣಗಳು. ಶಬ್ದದಿಂದ ಅರ್ಥಕ್ಕೆ ನಡೆಯುವ ನಿಘಂಟಿನ ದಾರಿಯನ್ನು ತಿರುಗಿಸಿ, ಅರ್ಥದಿಂದ ಶಬ್ದಕ್ಕೆ ನಡೆಯುವಂತೆ ಮಾಡಿದ ಈ ಯೋಜನೆಯ ಧೈರ್ಯವನ್ನೂ ಸೌಷ್ಠವವನ್ನೂ ಮೆಚ್ಚದಿರುವುದು ಕಷ್ಟ.

ಈ ಕ್ರಮವು ನಮ್ಮವರಿಗೆ ತೀರ ಅಪರಿಚಿತವೇನೂ ಅಲ್ಲ. ಅಮರಸಿಂಹನ ‘ನಾಮಲಿಂಗಾನುಶಾಸನ’ವು ವರ್ಗಕ್ರಮದಲ್ಲಿಯೇ ರಚಿತವಾದದ್ದು, ನಾಚಿರಾಜನು ಅದಕ್ಕೆ ಕನ್ನಡದಲ್ಲಿ ಟೀಕೆಯನ್ನು ಬರೆದನು. ರೋಜೆಯೂ ಅಮರಕೋಶವನ್ನು ಬಲ್ಲನು: 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೋಲ್‌ಬ್ರೂಕನ ಆವೃತ್ತಿಯನ್ನು ತನ್ನ ಪೀಠಿಕೆಯ ಅಡಿಟಿಪ್ಪಣಿಯಲ್ಲಿ ಹೆಸರಿಸಿ, ಅದರ ವರ್ಗೀಕರಣವು ಅಪೂರ್ಣವೂ ಗೊಂದಲಮಯವೂ ಆಗಿದೆಯೆಂದು ಆಕ್ಷೇಪಿಸುತ್ತಾನೆ. ಆಕ್ಷೇಪಣೆ ನ್ಯಾಯವಾದುದಲ್ಲ. ಅಮರನು ಸ್ವರ್ಗದಿಂದ ಹೊರಟು ಭೂಮಿಗೆ ಇಳಿಯುತ್ತಾನೆ, ರೋಜೆಯು ಕೇವಲ ಸತ್ತೆಯಿಂದ ಹೊರಟು ದೇವಾಲಯವನ್ನು ಸೇರುತ್ತಾನೆ. ಇವುಗಳಲ್ಲಿ ಒಂದು ಕ್ರಮ, ಇನ್ನೊಂದು ಅಕ್ರಮ ಎನ್ನುವುದಕ್ಕೆ ಆಧಾರವಿಲ್ಲ. ಅದೂ ಅಲ್ಲದೆ, ಕಂಠಪಾಠ ಮಾಡಬೇಕಾದ ಶ್ಲೋಕಗಳಲ್ಲಿ ನಾಮದೊಡನೆ ಲಿಂಗವನ್ನೂ ತಿಳಿಸುವುದು ಅಮರನ ಉದ್ದೇಶವಾಗಿತ್ತು. ಪದ್ಮ, ಕಮಲ, ಅರವಿಂದಗಳಲ್ಲಿ ಛಂದಸ್ಸಿಗೆ ಒದಗುವುದನ್ನು ಆರಿಸಿಕೊಳ್ಳುವ ಕವಿಗೆ ಅಂಥ ಕೋಶ ಸಾಕು. ಈ ಅಭ್ಯಾಸವನ್ನೇ ಇಂಗ್ಲಿಷ್ ಗದ್ಯಕ್ಕೂ ಅನ್ವಯಿಸಲು ಹೊರಟಾಗ ನಮ್ಮ ವಿದ್ಯಾರ್ಥಿಗಳು ಎಡವುತ್ತಾರೆ.

ಪರೀಕ್ಷೆಗೆ ‘ನೈಸ್’ ಎಂಬ ಅತಿ ಸಾಮಾನ್ಯವಾದ ವಿಶೇಷಣವನ್ನು ತೆಗೆದುಕೊಳ್ಳೋಣ. ‘ಅಜ್ಞ’ ಎಂಬರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಇಳಿದುಬಂದು, ಮೊದಲು ಮೂಢನನ್ನು, ಬಳಿಕ ಎಲ್ಲದರಲ್ಲಿಯೂ ಕೊಂಕು ಹುಡುಕುವವನನ್ನು, ಅನಂತರ ಸೂಕ್ಷ್ಮವನ್ನೂ ನಿಷ್ಕೃಷ್ಟವನ್ನೂ, ಕಡೆಗೆ ಹಿತವಾದ ಯಾವುದನ್ನಾದರೂ ಸೂಚಿಸುವಂತಾದ ಈ ಮಾತಿನ ಚರಿತ್ರೆಯೇ ಒಂದು ಕೌತುಕ. ಜೇನ್ ಆಸ್ಟೆನ್ನಳ ‘ನಾರ್ತಾಂಗರ್ ಆಬಿ’ಯಲ್ಲಿ ಕ್ಯಾಥರೀನಳು ಒಂದು ಕಾದಂಬರಿಯನ್ನು ಈ ಪದದಿಂದ ಹೊಗಳಿದಾಗ ಹೆನ್ರಿ ಟಿಲ್ನಿಯು, ಎಲ್ಲಕ್ಕೂ ಸಲ್ಲುವ ಮಾತೆಂದು ಹಾಸ್ಯಮಾಡಿ, ಅಚ್ಚುಕಟ್ಟು, ಔಚಿತ್ಯ, ನಯಗಳೇ ಅದರ ಮೂಲಾರ್ಥವಿರಬೇಕೆನ್ನುತ್ತಾನೆ. (ಮೂಲಾರ್ಥ ಮೂಢತ್ವವೆಂಬುದು ಆ ಪಂಡಿತನಿಗೆ ತಿಳಿದಿದ್ದರೆ ಹಾಸ್ಯ ಇನ್ನೂ ಖಾರವಾಗುತ್ತಿತ್ತು.) ಅವನ ತಂಗಿ ಎಲೀನರಳಾದರೋ ಅದೇ ಪದವನ್ನು ‘ಕೊಂಕು ಹುಡುಕುವವನು’ ಎಂಬ ಹಳೆಯ ಅರ್ಥದಲ್ಲಿ ಅವನಿಗೇ ತಗುಲಿಸಿ ಬಾಯಿ ಮುಚ್ಚಿಸುತ್ತಾಳೆ. ಅರ್ಧ ಪುಟದ ಸಂಭಾಷಣೆಯಲ್ಲಿ ಒಂದು ಪದದ ಪ್ರಯೋಗಶಾಸ್ತ್ರವೇ ಅಡಗಿದೆ.

ರೋಜೆಯ ಗ್ರಂಥವಾದರೋ ಈ ಪದವನ್ನು ರುಚಿ, ನಿಷ್ಕೃಷ್ಟತೆ, ಆಹ್ಲಾದ ಮೊದಲಾದ ಬೇರೆ ಬೇರೆ ಶೀರ್ಷಿಕೆಗಳ ಕಡೆಗೆ ಹಂಚಿಬಿಡುತ್ತದೆ. ಹಂಚಿಕೆ ಸರಿಯೇ; ಆದರೆ ಅಲ್ಲಿಗೆ ಹೋದವನಿಗೆ ಸಿಕ್ಕುವುದು ಅರ್ಥವಿವರಣೆಯಿಲ್ಲದ, ಉದಾಹರಣೆಯಿಲ್ಲದ ಪದಗಳ ಸಾಲು. ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಸೂಕ್ಷ್ಮವಾದ ಭೇದ. ಅಲ್ಲಿ ‘ಪ್ಲೆಸೆಂಟ್’ ಎಂದಿಟ್ಟರೆ ವಾಕ್ಯವೇ ಕೆಟ್ಟಿತು. ‘ನೈಸ್ ಅಂಡ್ ವಾರ್ಮ್’ ಎಂಬಲ್ಲಿ ಅದು ಮುಂದಿನ ಗುಣಕ್ಕೆ ಒತ್ತು ಕೊಡುವುದಲ್ಲದೆ ಸ್ವತಂತ್ರವಾಗಿ ಹೆಚ್ಚೇನನ್ನೂ ಹೇಳುವುದಿಲ್ಲ. ‘ಡಿಲೈಟ್‌ಫುಲ್ ಅಂಡ್ ವಾರ್ಮ್’ ಎಂದರೆ ಆ ಒತ್ತು ಹೋಗಿ ಎರಡು ಬೇರೆ ಗುಣಗಳಾಗುತ್ತವೆ. ‘ಎ ನೈಸ್ ಮೆಸ್’ ಎಂಬುದರ ವ್ಯಂಗ್ಯಕ್ಕಂತೂ ‘ಅಗ್ರೀಯಬಲ್’ ಬದಲಿಯಾಗಿ ನಿಲ್ಲಲಾರದು. ಬರಹದಲ್ಲಿ ‘ನೈಸ್’ ಕೂಡದೆಂದು ನಿಷೇಧಿಸಿ ಅದರ ಸ್ಥಾನದಲ್ಲಿ ಒಂದು ಉದ್ದನೆಯ ಪದವನ್ನು ಕೂರಿಸುವಂತೆ ಕಲಿಸುವ ಉಪಾಧ್ಯಾಯರು ಬಡತನವನ್ನು ನಿವಾರಿಸುವ ಬದಲು ಆಡಂಬರವನ್ನು ಕಲಿಸುತ್ತಾರೆ. ‘ನೈಸ್’ ಎಂಬುದಕ್ಕೆ ಪ್ರತಿಯಾಗಿ ಬೇಕಾದದ್ದು ಅನೇಕ ವೇಳೆ ಇನ್ನೊಂದು ವಿಶೇಷಣವಲ್ಲ, ಊಟ ಹೇಗಿತ್ತು, ಮನುಷ್ಯನು ಏನು ಮಾಡಿದನು ಎಂಬ ವಿವರ.

ಇದರ ದೋಷವನ್ನೆಲ್ಲ ರೋಜೆಯ ಮೇಲೆ ಹೊರಿಸುವುದು ಅನ್ಯಾಯ. ಸಮಾನಾರ್ಥಕವೆಂದು ತೋರುವ ಪದಗಳ ಸೂಕ್ಷ್ಮಭೇದಗಳನ್ನು ನಿರೂಪಿಸುವುದು ತನ್ನ ಉದ್ದೇಶವಲ್ಲವೆಂದು ಆತನು ಪೀಠಿಕೆಯಲ್ಲಿಯೇ ಸ್ಪಷ್ಟಪಡಿಸಿದ್ದಾನೆ. ಆ ಕೆಲಸಕ್ಕೆ ಬೇರೆ ಪರಂಪರೆಯಿತ್ತು: ಫ್ರಾನ್ಸಿನಲ್ಲಿ 1718ರಲ್ಲಿ ಗಿರಾರ್ ಪಾದ್ರಿಯೂ, ಇಂಗ್ಲೆಂಡಿನಲ್ಲಿ 1794ರಲ್ಲಿ ಹೆಸ್ಟರ್ ಪಿಯೋಜಿಯೂ, 1816ರಲ್ಲಿ ಜಾರ್ಜ್ ಕ್ರ್ಯಾಬನೂ ಸಮೀಪಾರ್ಥದ ಪದಗಳನ್ನು ಅಕ್ಕಪಕ್ಕದಲ್ಲಿರಿಸಿ ಅವುಗಳ ಅಂತರವನ್ನು ಬಿಡಿಸಿ ತೋರಿದರು. ಲೋಕವು ಅವರನ್ನು ಮರೆತು ರೋಜೆಯನ್ನು ಉಳಿಸಿಕೊಂಡದ್ದು ಸೌಕರ್ಯದ ದೃಷ್ಟಿಯಿಂದಲೇ ಹೊರತು ವಿವೇಕದಿಂದಲ್ಲ. ನಾಲಗೆಯ ತುದಿಗೆ ಬಂದು ನಿಂತ ಮಾತನ್ನು ನೆನಪಿಸುವುದರಲ್ಲಿ ರೋಜೆಗೆ ಸಮಾನರಿಲ್ಲ. ಪರಿಚಯವಿಲ್ಲದ ಮಾತನ್ನು ಪರಿಚಯಿಸುವ ಶಕ್ತಿ ಅವನಿಗಿಲ್ಲ. ಇಂಗ್ಲಿಷನ್ನು ಮನೆಮಾತಾಗಿ ಉಳ್ಳವನಿಗೆ ಅದು ನೆನಪಿನ ಕೈಪಿಡಿ. ಕಲಿತು ಬರೆಯುವವನಿಗೆ ಪ್ರಯೋಗಗಳನ್ನು ತೋರಿಸುವ ನಿಘಂಟೊಂದು ಪಕ್ಕದಲ್ಲಿಲ್ಲದಿದ್ದರೆ ಅಪಾಯಕರವಾದ ಸಲಹೆಗಾರ.

ಆದ್ದರಿಂದ ಪ್ರಶ್ನೆಪತ್ರಿಕೆಗಳನ್ನು ರಚಿಸುವ ಮಹನೀಯರಲ್ಲಿ ಒಂದು ಬಿನ್ನಹ: ಒಂದು ಪದಕ್ಕೆ ನಾಲ್ಕು ಪರ್ಯಾಯಗಳನ್ನು ಬರೆಯಿರಿ ಎನ್ನುವ ಪ್ರಶ್ನೆಯನ್ನು ಕೈಬಿಟ್ಟು, ಆ ನಾಲ್ಕನ್ನೂ ನೀವೇ ಕೊಟ್ಟು, ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲದಂಥ ನಾಲ್ಕು ವಾಕ್ಯಗಳನ್ನು ಬರೆಯುವಂತೆ ವಿದ್ಯಾರ್ಥಿಗಳನ್ನು ಕೇಳಬೇಕು.