ವೇದಿಕೆ ಮುಚ್ಚಿದಾಗ ಹಳೆಯ ಬ್ಯಾಂಡು ಏನು ಮಾರುತ್ತದೆ?

ನನ್ನ ಪ್ರಶ್ನೆ ಸಣ್ಣದು. ಹೊಸ ಆಲ್ಬಂ ಬಗ್ಗೆ ಬ್ಯಾಂಡು ಹೊರಗೆ ಆಡುವ ಮಾತು ಆಲ್ಬಮಿನ ಒಳಗೂ ಕೇಳಿಸುತ್ತದೆಯೇ?

ಮಾಮೂಲಿ ದಿನಗಳಲ್ಲಿ ಇದು ಅಷ್ಟಾಗಿ ಏಳುವ ಪ್ರಶ್ನೆಯಲ್ಲ. ಹಳೆಯ ರಾಕ್ ಬ್ಯಾಂಡುಗಳಿಗೆ ಹೊಸ ಆಲ್ಬಂ ಅಂದ್ರೆ ಬಹುಮಟ್ಟಿಗೆ ಹೊಸ ಪ್ರವಾಸಕ್ಕೊಂದು ನೆಪ. ಗಳಿಕೆಯೆಲ್ಲ ಹೆಚ್ಚಾಗಿ ಟಿಕೆಟಿನಿಂದ. 2020ರ ಮಾರ್ಚಿನಲ್ಲಿ ವೇದಿಕೆಗಳು ಮುಚ್ಚಿದವು. ಪ್ರಚಾರಕ್ಕೆ ಉಳಿದದ್ದು ಸಂದರ್ಶನ, ವಿಡಿಯೊ, ಅಷ್ಟೇ.

ಆ ವರ್ಷ ನನಗೆ ಮೂರು ದಾರಿಗಳು ಕಾಣುತ್ತವೆ. ಡೀಪ್ ಪರ್ಪಲ್ ತನ್ನ 'ವೂಶ್!' ಆಲ್ಬಮನ್ನು ಜೂನ್ 12ರಿಂದ ಆಗಸ್ಟ್ 7ಕ್ಕೆ ಮುಂದೂಡಿತು. ತಾರೀಕು ಬದಲಾಯಿತು, ಕೃತಿ ಬದಲಾಗಲಿಲ್ಲ. ರೋಲಿಂಗ್ ಸ್ಟೋನ್ಸ್ ಕೃತಿಗೇ ಕೈ ಹಾಕಿತು. 2019ರಲ್ಲೇ ಶುರುವಾಗಿದ್ದ 'ಲಿವಿಂಗ್ ಇನ್ ಎ ಗೋಸ್ಟ್ ಟೌನ್' ಹಾಡಿನ ಸಾಲುಗಳನ್ನು ಮಿಕ್ ಜಾಗರ್ ತಿದ್ದಿದರು. ಏಪ್ರಿಲ್ 23ರಂದು, ಖಾಲಿ ಬೀದಿಗಳ ವಿಡಿಯೊ ಜೊತೆ ಹಾಡು ಹೊರಬಂತು. ಸಮಯಸಾಧಕತನ ಅಂತ ಇದನ್ನು ತಳ್ಳಿಹಾಕೋದು ಸುಲಭ. ಆದರೆ ಆ ನಿಧಾನದ ರೆಗ್ಗೆ ನಡೆ, ಹಾರ್ಮೋನಿಕಾದ ಎಳೆತ ಕೇಳಿ: ಬಿಕೋ ಅನ್ನುವ ಭಾವ ರಾಗದಲ್ಲೇ ಇದೆ. ಹಾಗಾಗಿ ತಿದ್ದಿದ ಸಾಲು ಅಂಟಿಸಿದಂತೆ ಕಾಣೋದಿಲ್ಲ.

ಮೂರನೆಯದು ಕಷ್ಟದ ದಾರಿ. ನವೆಂಬರ್ 13ರಂದು ಬಂದ ಎಸಿ/ಡಿಸಿಯ 'ಪವರ್ ಅಪ್' ಮುಖ್ಯವಾಗಿ 2018ರಲ್ಲೇ ಧ್ವನಿಮುದ್ರಣಗೊಂಡಿತ್ತು. ಸೋಂಕಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಹಿಂದೆ ಇದ್ದದ್ದು 2017ರಲ್ಲಿ ತೀರಿಕೊಂಡ ಮಾಲ್ಕಮ್ ಯಂಗ್ ಸಾವು. ತಮ್ಮ ಆಂಗಸ್ ಸಂದರ್ಶನಗಳಲ್ಲಿ ಆಲ್ಬಮನ್ನು ಅಣ್ಣನಿಗೇ ಅರ್ಪಿಸಿದರು.

ಇದೇ ಬ್ಯಾಂಡು 1980ರಲ್ಲಿ ಗಾಯಕ ಬಾನ್ ಸ್ಕಾಟ್ ತೀರಿಕೊಂಡಾಗ 'ಬ್ಯಾಕ್ ಇನ್ ಬ್ಲ್ಯಾಕ್' ತಂದಿತ್ತು. ಅದರ ಹೊದಿಕೆ ಪೂರ್ತಿ ಕಪ್ಪು. ಮೊದಲು ಕೇಳಿಸೋದು ಗಂಟೆಯ ಸದ್ದು. ಶೋಕ ಕೃತಿಯ ಮೈಮೇಲೇ ಇತ್ತು. 'ಪವರ್ ಅಪ್'ನಲ್ಲಿ ಹೊಳೆಯುವ ಕೆಂಪು ದೀಪ, ಅದೇ ಹಳೆಯ ಗದ್ದಲ. 'ಥ್ರೂ ದ ಮಿಸ್ಟ್ಸ್ ಆಫ್ ಟೈಮ್' ಹಾಡೊಂದು ಹಿಂದಕ್ಕೆ ತಿರುಗಿ ನೋಡುತ್ತದೆ, ಉಳಿದವು ಅಳೋದಿಲ್ಲ.

"ಹಾಗಾದರೆ ದುಃಖವನ್ನೂ ಮಾರಿದರು ಅಂತಲೇ ಆಯ್ತಲ್ಲ?" ಅಂತ ಕೇಳಬಹುದು. ಮಾರಿದರು, ನಿಜ. ಆದರೆ ಆಲ್ಬಮಿನ ಹನ್ನೆರಡೂ ಹಾಡುಗಳ ರಚನೆಕಾರರಾಗಿ ಅಣ್ಣತಮ್ಮ ಇಬ್ಬರ ಹೆಸರೂ ಇವೆ. ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟಿದ್ದ ತುಣುಕುಗಳಿಂದ ಅವು ಹುಟ್ಟಿದವು. ಮಾಲ್ಕಮ್ ಜಾಗದಲ್ಲಿ ಗಿಟಾರ್ ಹಿಡಿದವನು ಅವರ ಇನ್ನೊಬ್ಬ ಅಣ್ಣನ ಮಗ ಸ್ಟೀವಿ. ಅಂದರೆ ಸತ್ತವನು ಇಲ್ಲಿ ಹಾಡಿನ ವಸ್ತುವಲ್ಲ, ಹಾಡು ಕಟ್ಟಿದವನು. ಸಂದರ್ಶನದ ಮಾತಿಗೆ ಆಲ್ಬಮಿನೊಳಗೆ ಸಾಕ್ಷಿ ಸಿಗುತ್ತದೆ.

ವಿಮರ್ಶೆಯ ಕೆಲಸ ಶುರುವಾಗೋದು ಇಲ್ಲೇ ಅಂತ ನನ್ನ ವಾದ. ಕಷ್ಟಕಾಲದಲ್ಲಿ ಪ್ರಚಾರ ನಮಗೆ ಹಾಡಿನ ಅರ್ಥವನ್ನು ಮೊದಲೇ ಕೈಗಿಡುತ್ತದೆ, ಅದೂ ಕನಿಕರದ ಜೊತೆ. ಕನಿಕರ ಹುಟ್ಟಿದ ಮೇಲೆ ಕಿವಿ ಮೆತ್ತಗಾಗುತ್ತದೆ. ಹಾಗಾಗಿ ಪ್ರಚಾರವನ್ನು ಸುಳ್ಳೆಂದು ಬಿಸಾಡೋದೂ ಬೇಡ, ನಂಬಿ ಕೂರೋದೂ ಬೇಡ. ಅದನ್ನೊಂದು ಹೇಳಿಕೆ ಅಂತ ಇಟ್ಟುಕೊಂಡು, ಹಾಡನ್ನು ಕೇಳಿ ತಾಳೆ ನೋಡೋಣ. 'ಪವರ್ ಅಪ್' ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಎಲ್ಲ ಆಲ್ಬಂಗಳೂ ಗೆಲ್ಲಬೇಕೆಂದಿಲ್ಲ.

ನನ್ನ ಮಾತು ಇಷ್ಟು. ಒಪ್ಪದವರು ದಯವಿಟ್ಟು ಮೊದಲು ಮೈಕ್ ಆನ್ ಮಾಡಿ.