ಫ್ರೇಮ್‌ವರ್ಕ್ ಆಮೇಲೆ, ಮೊದಲು ಗೋಡೆ

ಹೊಸ ಪ್ರಾಜೆಕ್ಟ್ ಶುರುವಾದಾಗ ಮೀಟಿಂಗ್ ರೂಮಿನಲ್ಲಿ ಮೊದಲು ಏಳೋ ಪ್ರಶ್ನೆ ಒಂದೇ: ರಿಯಾಕ್ಟಾ, ಆಂಗ್ಯುಲರಾ? ವಾದ ಎರಡು ಗಂಟೆ ನಡೆಯುತ್ತೆ. ಅಪ್ಲಿಕೇಶನ್ನನ್ನು ಯಾವ ಯಾವ ಭಾಗಗಳಾಗಿ ಒಡೀಬೇಕು ಅನ್ನೋದಕ್ಕೆ ಉಳಿಯೋದು ಕೊನೆಯ ಹತ್ತು ನಿಮಿಷ. ಈ ಕ್ರಮವೇ ತಲೆಕೆಳಗು ಅಂತ ನನಗೆ ಸ್ಪಷ್ಟವಾಗಿದ್ದು 1972ರ ಒಂದು ಪ್ರಬಂಧ ಓದಿದ ಮೇಲೆ.

ಬರೆದವರು ಡೇವಿಡ್ ಪಾರ್ನಾಸ್. ಆರೇ ಪುಟ. ಪ್ರೋಗ್ರಾಂಗಳನ್ನು ಮಾಡ್ಯೂಲ್‌ಗಳಾಗಿ ಯಾವ ಆಧಾರದ ಮೇಲೆ ಒಡೀಬೇಕು ಅನ್ನೋದು ವಿಷಯ. ಉದಾಹರಣೆ ಪುಟ್ಟದು: ಸಾಲುಗಳನ್ನು ಓದಿ, ಪ್ರತಿ ಸಾಲಿನ ಮೊದಲ ಪದವನ್ನು ಮತ್ತೆ ಮತ್ತೆ ಕೊನೆಗೆ ಸರಿಸಿ, ಹಾಗೆ ಸಿಕ್ಕ ಎಲ್ಲ ಸಾಲುಗಳನ್ನೂ ಅಕಾರಾದಿಯಾಗಿ ಕೊಡುವ ಪ್ರೋಗ್ರಾಂ. ಇದನ್ನವರು ಎರಡು ಥರ ಒಡೆಯುತ್ತಾರೆ. ಮೊದಲನೆಯದು ಯಾರಿಗಾದರೂ ಥಟ್ಟನೆ ಹೊಳೆಯುವಂಥದ್ದು: ಓದು, ಸರಿಸು, ಜೋಡಿಸು, ಮುದ್ರಿಸು. ಹಂತಕ್ಕೊಂದು ಮಾಡ್ಯೂಲ್. ಎರಡನೆಯದರಲ್ಲಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡುತ್ತಾರೆ. ಎರಡೂ ಕೆಲಸ ಮಾಡುತ್ತವೆ. ಆದರೆ ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾಯಿತು ಅನ್ನಿ. ಮೊದಲನೆಯದರಲ್ಲಿ ಎಲ್ಲ ಮಾಡ್ಯೂಲನ್ನೂ ಮುಟ್ಟಬೇಕು, ಎರಡನೆಯದರಲ್ಲಿ ಒಂದನ್ನೇ.

ಇದರ ಬೆಲೆ ನನಗೆ ಗೊತ್ತಾಗಿದ್ದು ಕೆಲಸದಲ್ಲಿ. ನಾನಿದ್ದ ಒಂದು ಟೀಮಿನಲ್ಲಿ ಸಾಲದ ಲೆಕ್ಕ ನೋಡುವ ಅಪ್ಲಿಕೇಶನ್ ಆಂಗ್ಯುಲರ್‌ಜೆಎಸ್‌ನಲ್ಲಿತ್ತು. 2010ರಲ್ಲಿ ಬಂದ ಆ ಫ್ರೇಮ್‌ವರ್ಕ್ ಕೆಟ್ಟ ಆಯ್ಕೆಯೇನೂ ಆಗಿರಲಿಲ್ಲ. ಆದರೆ 2016ರಲ್ಲಿ ಬಂದ ಆಂಗ್ಯುಲರ್ 2 ಹೆಸರಿಗಷ್ಟೇ ಅದರ ಮುಂದುವರಿಕೆ, ಹಳೆಯ ಕೋಡ್ ಅದರಲ್ಲಿ ಹಾಗೇ ಓಡೋದಿಲ್ಲ. ಹಳೆಯದಕ್ಕೆ ಗೂಗಲ್ ಬೆಂಬಲ 2021ರ ಕೊನೆಗೆ ನಿಂತಿತು.

ಹೊಸದಾಗಿ ಬರೆಯೋಣ ಅಂತ ಕೂತೆವು. ಫೋಲ್ಡರ್‌ಗಳ ಹೆಸರು ಕಂಟ್ರೋಲರ್ಸ್, ಸರ್ವಿಸಸ್, ಡೈರೆಕ್ಟಿವ್ಸ್. ಸಾಲ, ಬಡ್ಡಿ, ಕಂತು ಅಂತ ಒಂದೂ ಇಲ್ಲ! ಬಡ್ಡಿ ಲೆಕ್ಕ ಸ್ಕ್ರೀನಿನ ಬಟನ್‌ಗಳ ಜೊತೆ ಹೆಣೆದುಕೊಂಡಿತ್ತು. ಅವಧಿಗೆ ಮೊದಲೇ ಸಾಲ ತೀರಿಸಿದವರಿಗೆ ಎಷ್ಟು ಬಡ್ಡಿ ಅನ್ನೋ ನಿಯಮ ಮೂರು ಸ್ಕ್ರೀನಿನಲ್ಲಿ ಮೂರು ಥರ. ಯಾವುದು ಸರಿ ಅಂತ ಹೇಳಬಲ್ಲವರು ಕೆಲಸ ಬಿಟ್ಟು ಹೋಗಿದ್ದರು. ಅದು ಯಾರದೋ ಮನೆಯ ದುಡ್ಡು. ತಪ್ಪು ಫ್ರೇಮ್‌ವರ್ಕಿನದಲ್ಲ. ಬದಲಾಗಬಹುದಾದ ತೀರ್ಮಾನಗಳಲ್ಲಿ ಫ್ರೇಮ್‌ವರ್ಕೂ ಒಂದು ಅಂತ ನಾವು ಯೋಚಿಸಿರಲೇ ಇಲ್ಲ.

ಹಾಗಂತ ಪಾರ್ನಾಸ್ ಹೇಳಿದ್ದನ್ನು ಕಣ್ಣು ಮುಚ್ಚಿ ಒಪ್ಪುವುದೂ ಕಷ್ಟ. ಅವರ ಉದಾಹರಣೆ ಚಿಕ್ಕದು, ಏನೇನು ಬದಲಾಗಬಹುದು ಅನ್ನೋ ಪಟ್ಟಿಯೂ ಅವರ ಕೈಯಲ್ಲೇ ಇದೆ. ನಮಗೆ ಆ ಭಾಗ್ಯವಿಲ್ಲ. ಎಲ್ಲವೂ ಬದಲಾಗಬಹುದು ಅಂತ ಹೆದರಿ ಪದರದ ಮೇಲೆ ಪದರ ಸುತ್ತಿದರೆ ಕೋಡ್ ಓದೋರ ಗತಿ? ಎರಡನೆಯ ವಿಧಾನ ನಿಧಾನವಾಗಬಹುದು ಅಂತ ಅವರೇ ಒಪ್ಪಿಕೊಳ್ಳುತ್ತಾರೆ.

ಇನ್ನೊಂದು ಗೊಂದಲ ನಮ್ಮದೇ: ಮಾಡ್ಯೂಲ್ ಅಂದರೆ ಮೈಕ್ರೋಸರ್ವಿಸ್ ಅಂದುಕೊಳ್ಳೋದು. 2023ರಲ್ಲಿ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ, ವಿಡಿಯೋ ಗುಣಮಟ್ಟ ಪರೀಕ್ಷಿಸುವ ತನ್ನ ವ್ಯವಸ್ಥೆಯ ಬಿಡಿ ಭಾಗಗಳನ್ನು ಒಂದೇ ಪ್ರೋಸೆಸ್ಸಿಗೆ ತಂದು ಖರ್ಚನ್ನು ಶೇ. 90ಕ್ಕಿಂತ ಹೆಚ್ಚು ಇಳಿಸಿದ್ದಾಗಿ ಬರೆದುಕೊಂಡಿತು. ಭಾಗಗಳು ಹೆಚ್ಚುಕಮ್ಮಿ ಅವೇ ಉಳಿದವು. ಹೋಗಿದ್ದು ಅವುಗಳ ನಡುವಿನ ಓಡಾಟ. ಗೋಡೆ ಬೇಕು ಅಂದರೆ ಬೇರೆ ಬೇರೆ ಸೈಟಿನಲ್ಲಿ ಮನೆ ಕಟ್ಟಬೇಕು ಅಂತೇನಿಲ್ಲ.

ಈಗ ನಾನು ಮೀಟಿಂಗ್‌ನಲ್ಲಿ ಕೇಳೋದು ಇಷ್ಟೇ: ಬಡ್ಡಿಯ ನಿಯಮ ನಾಳೆ ಬದಲಾದರೆ ಎಷ್ಟು ಫೋಲ್ಡರ್ ತೆರೀಬೇಕು? ಫ್ರೇಮ್‌ವರ್ಕ್ ಬದಲಾದರೆ ಬಡ್ಡಿಯ ಕೋಡ್ ಮುಟ್ಟಬೇಕಾ? ಎರಡಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ, ರಿಯಾಕ್ಟೋ ಆಂಗ್ಯುಲರೋ, ಟೀಮಿಗೆ ಚೆನ್ನಾಗಿ ಗೊತ್ತಿರೋದನ್ನು ಹಾಕಿಕೊಳ್ಳಿ. ಆ ಜಗಳಕ್ಕೆ ಹತ್ತು ನಿಮಿಷ ಸಾಕು.